ಚಿಪ್ಪಿನ ಕಲ್ಲು

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮದುವೆಯಾಗಿ ಚಿಂಚೋಳಿ ಕಡೆಯ ಹಳ್ಳಿಗೆ ಬಂದ ಮೊದಲ ಬೇಸಿಗೆಯಲ್ಲಿ, ಬಟ್ಟೆ ಒಗೆಯಲು ಹಳ್ಳಕ್ಕೆ ಹೋದಾಗ ಆ ಕಲ್ಲು ನನ್ನ ಕಣ್ಣಿಗೆ ಬಿತ್ತು. ಬೂದುಬಣ್ಣದ ಕಲ್ಲು, ಒಂದು ಮಗ್ಗುಲ ತುಂಬ ಬಸವನಹುಳುವಿನ ಬಿಳಿ ಚಿಪ್ಪುಗಳು. ಉಗುರಿನಿಂದ ಕೆರೆದೆ, ಏಳಲಿಲ್ಲ. ಚಿಪ್ಪೂ ಕಲ್ಲೇ ಆಗಿಹೋಗಿತ್ತು. ನನ್ನ ತವರು ಶಹಾಬಾದ. ನೆಲ, ಗೋಡೆ, ಮಾಳಿಗೆ ಎಲ್ಲ ಚಪ್ಪಟೆ ಫರಸಿ ಕಲ್ಲಿನದೇ ಇದ್ದ ಮನೆಯಲ್ಲಿ ಬೆಳೆದವಳು ನಾನು, ಇಂಥದನ್ನು ಎಂದೂ ಕಂಡಿರಲಿಲ್ಲ. ಈ ಊರಿನಲ್ಲಿ ಎಲ್ಲವೂ ಅವರದು, ಇದೊಂದು ನನ್ನದು ಅನ್ನಿಸಿ ಭಾಳ ಖುಷಿಯಾಯಿತು.

ಅತ್ತೆಯನ್ನು ಕರೆದು ತೋರಿಸಿದೆ. "ಹುಳ ಸತ್ತ ಕಲ್ಲದು. ಅದ್ರ ಗೊಡವಿ ನಿನಗ್ಯಾಕ?" ಎಂದರು. ನಾನು ಬಿಡಲಿಲ್ಲ. ದಿನಾ ಅದರ ಪಕ್ಕದಲ್ಲೇ ಬಟ್ಟೆ ಒಗೆದೆ.

ಮುಂದೆ ಮಾವ ಕೊಟ್ಟಿಗೆಯ ಗೋಡೆ ಕಟ್ಟಿಸಲು ಹಳ್ಳದಿಂದ ಗಾಡಿಯಲ್ಲಿ ಕಲ್ಲು ತರಿಸಿದರು. ಒಂದು ಬೆಳಿಗ್ಗೆ ಅಂಗಳದಲ್ಲಿ ನನ್ನ ಕಲ್ಲೂ ಬಿದ್ದಿತ್ತು. ದೊಡ್ಡದಾಯಿತೆಂದು ಗೋಡೆ ಕಟ್ಟುವ ಗೌಂಡಿ ಅದನ್ನು ಒಡೆಯಲು ಸುತ್ತಿಗೆ ತೆಗೆದುಕೊಂಡ. ಮಾವ ಅಲ್ಲೇ ನಿಂತಿದ್ದರು. ಆದರೆ ಸೊಸೆ ಮಾವನೊಡನೆ ನೇರ ಮಾತಾಡುವ ರೂಢಿ ಆ ಮನೆಯಲ್ಲಿರಲಿಲ್ಲ. ಅವರಿಗೆ ಮುಟ್ಟಿಸಬೇಕಾದ ಮಾತನ್ನು ಅತ್ತೆಗೆ ಹೇಳಬೇಕು. ಅತ್ತೆ ಇಲ್ಲದಿದ್ದರೆ, ಮಾವನಿಗೆ ಕೇಳುವಂತೆ ಅಂಗಳದಲ್ಲಿ ಕಟ್ಟಿದ ಎಮ್ಮೆಗೆ. ಅವತ್ತು ಅತ್ತೆ ಹೊಲಕ್ಕೆ ಹೋಗಿದ್ದರು.

ಸೆರಗು ಎಳೆದುಕೊಂಡು ಎಮ್ಮೆಯ ಮುಂದೆ ನಿಂತೆ. "ಆ ಕಲ್ಲು ಒಡಿಬಾರ್ದು ನೋಡವ್ವ. ಅದ್ರಾಗ ಚಿಪ್ಪ ಅದಾವ" ಎಂದೆ.

ಮಾವನೂ ಎಮ್ಮೆಯ ಕಡೆಗೇ ತಿರುಗಿದರು. "ಚಿಪ್ಪ ತಗೊಂಡು ಏನ್ ಮಾಡಾದದ? ಗ್ವಾಡಿ ನಿಲ್ಲಬೇಕಲ್ಲ."

ಎಮ್ಮೆ ಮೆಲುಕು ಹಾಕುತ್ತಲೇ ಇತ್ತು. ಗೌಂಡಿ ನಗು ತಡೆದುಕೊಂಡು, "ಒಡೀಲೇನ್ರಿ?" ಎಂದು ಮಾವನನ್ನು ಕೇಳಿದ. ಅವರು ಹೂಂ ಅಂದರು.

ನಾನು ಹೋಗಿ ಆ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಸಿಟ್ಟು ಬಂದಿತ್ತು. ಎಮ್ಮೆಯನ್ನು ನಂಬಿದರೆ ಕೆಲಸ ಕೆಟ್ಟಂತೆಯೇ. ಮಾವನ ಮುಖವನ್ನೇ ನೋಡಿ ಹೇಳಿದೆ: "ಮಾವಾರ, ಇದು ನಾ ಹುಡುಕಿದ ಕಲ್ಲು. ಒಡಿಲಾಕ ಬಿಡಂಗಿಲ್ಲ. ಚಿಪ್ಪಿನ ಮಗ್ಗಲ ಹೊರಗ ಕಾಣಂಗ ಗ್ವಾಡ್ಯಾಗ ಇಡಿಸ್ರಿ."

ಗೌಂಡಿ ಸುತ್ತಿಗೆ ಕೆಳಗಿಟ್ಟ. ನನ್ನನ್ನು ತವರಿಗೆ ಕಳಿಸುವುದೇ ಖರೆ ಅಂದುಕೊಂಡೆ, ಆದರೂ ಏಳಲಿಲ್ಲ. ಮಾವ ಹತ್ತಿರ ಬಂದು ಬಗ್ಗಿದರು. ಒಂದು ಚಿಪ್ಪಿನ ಸುರುಳಿಯ ಮೇಲೆ ಬೆರಳಾಡಿಸಿದರು.

ಆಮೇಲೆ ತಲೆಯೆತ್ತಿ, ಮೊದಲ ಸಲ ನನ್ನನ್ನೇ ನೋಡಿ ಮಾತಾಡಿದರು. "ಏಳವ್ವ. ಎಷ್ಟು ಎತ್ತರಕ್ಕ ಇಡಬೇಕು, ನೀನೇ ಗೌಂಡಿಗಿ ಹೇಳು."