ಯೋಹಾನಪ್ಪನ ಸಾಕ್ಷಿ

ಯೋಹಾನಪ್ಪನ ಮಗ್ಗದ ಸದ್ದು ನಿಂತಿತೆಂದರೆ, ನಮ್ಮ ಓಣಿಯಲ್ಲಿ ಯಾರಿಗೋ ನರಕ ಕಾದಿದೆ ಎಂದೇ ಅರ್ಥ. ನೇಯುತ್ತಲೇ ಬೋಧನೆ ಮಾಡುವುದು ಅವನ ಅಭ್ಯಾಸ. ದೇವರ ಪ್ರೀತಿ, ಕರುಣೆಯೆಲ್ಲ ಲಾಳಿಯ ಜೊತೆಗೇ ಸರಸರ ಓಡುತ್ತಿದ್ದವು. ನ್ಯಾಯತೀರ್ಪಿನ ದಿನಕ್ಕೆ ಬಂದಾಗ ಮಾತ್ರ ಲಾಳಿ ನಿಂತು ದನಿ ಏರುತ್ತಿತ್ತು. ಕೇಳಲು ಇದ್ದವರು ನೂಲು ಸುತ್ತುವ ಇಬ್ಬರು ಹೆಂಗಸರು, ಮತ್ತೆ ಗೋಡೆಯಾಚೆ ಪೇಪರ್ ಓದುತ್ತ ಕೂತ ನಾನು. ನಾರಾಯಣಪೇಟೆಯಲ್ಲಿ ಸೀರೆ ನೇಯುವವರಿಗೇನೂ ಬರವಿಲ್ಲ, ಆದರೆ ಸೀರೆಯ ಜೊತೆ ತೀರ್ಪನ್ನೂ ಕೊಡುವವನು ಅವನೊಬ್ಬನೇ.

ನನ್ನನ್ನೂ ಬಿಟ್ಟವನಲ್ಲ. ನಮ್ಮದು ಮಂತ್ರಾಲಯಕ್ಕೆ ನಡೆದುಕೊಳ್ಳುವ ಮನೆತನ. ಮಖ್ತಲ್‌ನ ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದ ನನಗೆ ದೇವರ ಮೇಲೆ ಅಂಥ ನಂಬಿಕೆಯೇನೂ ಇರಲಿಲ್ಲ, ವರ್ಷಕ್ಕೊಮ್ಮೆ ರೂಢಿಗೆಂದು ಹೋಗಿ ಕೈಮುಗಿದು ಬರುತ್ತಿದ್ದೆ. ಒಂದು ದಿನ ಅದನ್ನೇ ಅವನಿಗೆ ಹೇಳಿದೆ. ಬೇರೆ ದೇವರನ್ನು ನಂಬದವನೆಂದು ಸ್ವಲ್ಪ ಖುಷಿಪಟ್ಟಾನು ಎಂದುಕೊಂಡಿದ್ದೆ. ಲಾಳಿ ನಿಂತಿತು.

“ನಂಬದೆ ಕೈ ಮುಗಿಯಾಕ ಹೋಗತೀರಲ್ಲ ಮಾಸ್ತರ್, ಯಾರ ಮುಂದ ಈ ನಾಟಕ? ನಿಮ್ಮ ದೇವರ ಮುಂದೂ ಸುಳ್ಳ, ನಮ್ಮ ದೇವರ ಮುಂದೂ ಸುಳ್ಳ. ನಿಮ್ಮ ಮುಕದ್ದಮಾ ಭಾಳ ಬಿಗಿ ಐತ್ರಿ.”

ಮೈಯೆಲ್ಲ ಉರಿದು ಅವನೊಂದಿಗೆ ಮಾತು ಬಿಟ್ಟೆ. ಕೆಲವು ದಿನ ಕಳೆದ ಮೇಲೆ ಅವನೇ ಒಂದು ಬುಟ್ಟಿ ಸೀತಾಫಲ ತಂದಿಟ್ಟ. ರಾಜಿಯಾಗಲು ಬಂದಿದ್ದಾನೆ ಎಂದುಕೊಂಡರೆ, ಅದೇ ಮಾತನ್ನು ಇನ್ನೊಮ್ಮೆ ಹೇಳಿ ಎದ್ದುಹೋದ. ಹಣ್ಣು ಮಾತ್ರ ಬಹಳ ಸಿಹಿಯಾಗಿದ್ದವು.

ಇಷ್ಟೆಲ್ಲ ಗುಡುಗುವವನ ಮನೆಯೊಳಗೇ ಒಬ್ಬಳು ನಂಬದವಳಿದ್ದಳು. ಅವನ ಹೆಂಡತಿ ಬಾಲಮ್ಮ. ಮದುವೆಯಾದ ಎಷ್ಟೋ ವರ್ಷಕ್ಕೆ ಅವನು ಕ್ರೈಸ್ತನಾಗಿ ದೀಕ್ಷಾಸ್ನಾನ ತೆಗೆದುಕೊಂಡ, ಆಕೆ ಒಲ್ಲೆ ಎಂದಳು. ಹಣೆಯ ಕುಂಕುಮ, ಅಡುಗೆಮನೆಯ ಮೂಲೆಯ ಎಲ್ಲಮ್ಮ, ಎರಡೂ ಇದ್ದಲ್ಲೇ ಉಳಿದವು. ಸಂಜೆ ಪಡಸಾಲೆಯಲ್ಲಿ ಅವನು ಆಕೆಗೆ ಕೇಳಿಸುವಂತೆಯೇ ಪ್ರಾರ್ಥಿಸುತ್ತಿದ್ದ: “ಕರ್ತನೇ, ಬಾಲಮ್ಮನ ಕಲ್ಲು ಮನಸ್ಸು ಕರಗಸಪ್ಪಾ!” ಒಳಗಿನಿಂದ ಉತ್ತರ ಬರುತ್ತಿತ್ತು: “ಹಂಗ ಉಪ್ಪು ಮುಗದೈತಿ ಅಂತಾನೂ ಹೇಳು.” ಕ್ರಿಸ್‌ಮಸ್ ದಿನ ಚರ್ಚಿನ ಸಭೆಯವರಿಗೆಲ್ಲ ಅಡುಗೆ ಮಾಡಿ ಬಡಿಸುವವಳು ಮಾತ್ರ ಆಕೆಯೇ.

“ಜೋರು ಮಾಡಿ ಸಭೆಗೆ ಕರಕೊಂಡು ಹೋಗಬಾರದೇನು?” ಎಂದು ನಾನೊಮ್ಮೆ ಕೆಣಕಿದ್ದೆ.

“ಜೋರು ಮಾಡಾಕ ಎಲ್ಲಿ ಬರತೈತ್ರಿ! ಅಪನಂಬಿಕಿ ಅಂದ್ರ ತಿಳೀದೆ ಇರೋದಲ್ಲ, ತಿಳದೂ ಬ್ಯಾಡ ಅನ್ನೋದು. ಬ್ಯಾಡ ಅನ್ನಾಕ ದೇವರೇ ಬಿಟ್ಟಾನ. ಬಿಟ್ಟಾನ ಅಂದ ಮ್ಯಾಲೆ ಒಂದಿನ ಲೆಕ್ಕ ಕೇಳತಾನ. ಅದಕ್ಕ ನನಗ ಹೆದರಿಕಿ.” ಹೆದರಿಕೆ ಬರೀ ಬಾಯಿಮಾತಲ್ಲ. ಸತ್ತ ಮೇಲೆ ತಾನು ಹೋಗುವ ಕಡೆ ಹೆಂಡತಿ ಬರುವುದಿಲ್ಲ ಎಂಬುದನ್ನು ಅವನು ನಿಜವಾಗಿಯೂ ನಂಬಿದ್ದ. ನನ್ನಂಥವನಿಗೆ ಆ ಸಂಕಟ ಅರ್ಥವಾಗಲು ಬಹಳ ಕಾಲ ಹಿಡಿಯಿತು.

ಒಂದು ಮಳೆಗಾಲದಲ್ಲಿ ಬಾಲಮ್ಮ ಮಲಗಿದವಳು ಏಳಲಿಲ್ಲ. ಗದ್ವಾಲದ ದವಾಖಾನೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ನಾನು ನೋಡಲು ಹೋದಾಗ ಯೋಹಾನಪ್ಪ ಆಕೆಯ ಪಾದ ಹಿಡಿದುಕೊಂಡು ಕೂತಿದ್ದ. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು. “ಈಗಾದ್ರೂ ಯೇಸುನ್ನ ನಂಬತೀಯೇನು, ಬಾಲಮ್ಮಾ?”

ಆಕೆ ಅಡ್ಡಡ್ಡ ತಲೆಯಾಡಿಸಿದಳು. ಸಿಟ್ಟು ಬಂದರೆ ತೆಲುಗಿಗೆ ಹೊರಳುವವಳು “ನಾಕೊದ್ದು”, ನನಗೆ ಬೇಡ, ಎಂದಳು. ಆಮೇಲೆ ಮೆತ್ತಗಾಗಿ, “ಹೂಂ ಅಂದ್ರ ನಿನಗ ಸಮಾಧಾನ ಆಕ್ಕೈತಿ, ನನಗ ಗೊತ್ತೈತಿ. ಮನಸ್ಸಿನ್ಯಾಗ ಇಲ್ಲ. ಸುಳ್ಳ ಹೇಳಿ ಹೋಗಲೇನು?” ಎಂದಳು. ಅದೇ ಕೊನೆಯ ಮಾತು. ಮರುದಿನ ಮಧ್ಯಾಹ್ನ ಹೋಗಿಬಿಟ್ಟಳು.

ಸಭೆಯ ಹಿರಿಯರು ಬಂದರು. ಅವರ ಸಮಾಧಿ ಭೂಮಿಯಲ್ಲಿ ಗಂಡಹೆಂಡಿರನ್ನು ಒಬ್ಬರ ಮಗ್ಗುಲಿಗೆ ಒಬ್ಬರನ್ನು ಮಲಗಿಸುವ ಪದ್ಧತಿ, ಆದರೆ ನಂಬಿಕೆ ಒಪ್ಪದವರಿಗೆ ಅಲ್ಲಿ ಮಣ್ಣಿಲ್ಲ. ಬಾಲಮ್ಮನ ಕೈಯಡುಗೆ ಉಂಡ ಆ ಹಿರಿಯರಿಗೂ ಕಣ್ಣು ತುಂಬಿತ್ತು. ಅವರಲ್ಲೊಬ್ಬರು ಅವನ ಹೆಗಲ ಮೇಲೆ ಕೈಯಿಟ್ಟರು. “ಬಾಯಿಲೆ ಹೇಳಾಕ ಆಗದವರು ತಲಿ ಆಡಿಸಿದ್ರೂ ನಾವು ಒಪ್ಪತೀವಿ. ಕಡಿಗೆ ಕೇಳಿದ್ದಕ್ಕ ತಲಿ ಆಡಿಸಿದಳು ಅಂತ ಒಂದು ಸಾಕ್ಷಿ ಹೇಳಿಬಿಡು, ಯೋಹಾನಪ್ಪ. ನಾಳೆ ನಿನ್ನ ಮಗ್ಗಲದಾಗ ಇರತಾಳ.”

ಹೇಳಿಬಿಡೋ ಮಾರಾಯ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಅವನು ಹೆಂಡತಿಯ ಮುಖ ನೋಡಿದ.

“ಆಡಿಸಿದಳ್ರಿ. ಅಡ್ಡ ಆಡಿಸಿದಳು,” ಎಂದ. “ಬ್ಯಾಡ ಅನ್ನೋ ಹಕ್ಕು ದೇವರು ಕೊಟ್ಟಿದ್ದು. ಸತ್ತಳಂತ ನಾನು ಅದನ್ನ ಕಸಗೊಳ್ಳಲೇನು?”

ಬಾಲಮ್ಮನನ್ನು ಗಟ್ಟು ಊರಿನ ಹತ್ತಿರ ಆಕೆಯ ಅಣ್ಣನ ಹೊಲಕ್ಕೆ ಒಯ್ದರು. ತವರಿನವರು ಕುಂಕುಮ, ಹೂವು, ಎಲ್ಲ ತಮ್ಮ ಕ್ರಮದಂತೆ ಮಾಡಿದರು. ಯೋಹಾನಪ್ಪ ಒಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿದು ನಿಂತ.

ಮುಂದಿನ ಭಾನುವಾರ ಸಭೆಯಲ್ಲಿ ಹೊಸದಾಗಿ ಬಂದಿದ್ದ ಬೋಧಕನೊಬ್ಬ, ನಂಬದೆ ಸತ್ತವರು ಎಲ್ಲಿಗೆ ಹೋಗುತ್ತಾರೆಂದು ವಿವರಿಸುತ್ತ ಬಾಲಮ್ಮನ ಹೆಸರೆತ್ತಿದನಂತೆ. ಯೋಹಾನಪ್ಪ ಎದ್ದು ನಿಂತನಂತೆ. “ತೀರ್ಪು ಐತಿ ಅಯ್ಯಗಾರೂ, ಖರೇನ ಐತಿ. ಆದ್ರ ತೀರ್ಪು ಕೊಡೋ ಆ ಕುರ್ಚಿ ಖಾಲಿ ಇಲ್ಲ. ನೀವು ಇಳೀರಿ.” ಇದನ್ನು ನನಗೆ ಹೇಳಿದವರು ನೂಲು ಸುತ್ತುವ ಹೆಂಗಸರು. ಹೇಳುವಾಗ ಅವರಿಗೆ ನಗುವೂ ಬಂತು, ಅಳುವೂ ಬಂತು.

ಆಮೇಲೂ ಅವನು ಬೋಧನೆ ಬಿಡಲಿಲ್ಲ, ತನಗೆ ಅನುಕೂಲವಾಗಲೆಂದು ಅದರಲ್ಲಿ ಒಂದು ಮಾತನ್ನೂ ಬದಲಿಸಲಿಲ್ಲ. ಹೋದ ಬೇಸಿಗೆಯಲ್ಲಿ ಅದೇ ಗದ್ವಾಲದ ದವಾಖಾನೆಯಲ್ಲಿ ಅವನನ್ನು ಕಡೆಯ ಸಲ ನೋಡಿದೆ. ಎಲುಬು ಚರ್ಮ ಆಗಿದ್ದ. ಏನು ಹೇಳಬೇಕೋ ತೋಚದೆ, “ಅಲ್ಲಿ ಬಾಲಮ್ಮ ಸಿಗತಾಳ ಬಿಡು,” ಎಂದೆ.

“ಗೊತ್ತಿಲ್ಲದ್ದು ಹೇಳಬ್ಯಾಡ್ರಿ ಮಾಸ್ತರ್,” ಎಂದು ಗದರಿದ. ಉಸಿರು ಕೂಡಿಸಿಕೊಂಡು ಮುಂದುವರಿಸಿದ. “ಮೊದಲ ನನ್ನ ವಿಚಾರಣಿ ಆಗತೈತಿ. ಆಮ್ಯಾಲೆ ಆಕಿ ಬಗ್ಗೆ ಕೇಳಿದ್ರ ಇದ್ದಿದ್ದು ಇದ್ದಂಗ ದೇವರಿಗೆ ಹೇಳತೀನಿ: ನಿನ್ನ ಬ್ಯಾಡ ಅಂದಳು ಸ್ವಾಮಿ. ನಿನ್ನ ಮಂದಿಗೆ ಉಣ್ಣಾಕ ಇಕ್ಕಿದಳು. ಸಾಯೋ ಹೊತ್ತಿನ್ಯಾಗೂ ನಿನಗ ಸುಳ್ಳ ಹೇಳಲಿಲ್ಲ. ಮುಂದಿಂದು ನಿನ್ನ ಕೈಯಾಗ ಐತಿ.”

ಎರಡು ದಿನಕ್ಕೆ ಅವನು ಹೋದ ಸುದ್ದಿ ಬಂತು. ಮಖ್ತಲ್ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಯಾವ ದೇವರನ್ನೂ ಮನಸಾರೆ ಬೇಡದ ನಾನು ಆವತ್ತು, ಆ ಜನರ ನಡುವೆ, ಕಣ್ಣು ಮುಚ್ಚಿಕೊಂಡು ಬೇಡಿಕೊಂಡೆ: ಅವನ ಮಾತು ಕೇಳಲು ಅಲ್ಲಿ ಯಾರಾದರೂ ಇರಲಪ್ಪಾ.