ಟೆನೆಸೀನ್ ಬರೆದ ದಿನ

ಕೋಡಿಬಾಗದ ಕುಪ್ಪ ಮೀನಿಗೆ ಹೋಗುವುದನ್ನು ಬಿಟ್ಟ ಮೇಲೆ ದೋಣಿಗಳಿಗೆ ಹೆಸರು ಬರೆಯತೊಡಗಿದ. ಅವನದೊಂದು ಹಟವಿದೆ. ಹೊಸ ದೋಣಿ ಒಮ್ಮೆ ಸಮುದ್ರಕ್ಕೆ ಹೋಗಿ ಮರಳುವವರೆಗೆ ಅವನು ಬ್ರಶ್ ಮುಟ್ಟುವುದಿಲ್ಲ. ಅಲ್ಲಿಯವರೆಗೆ ಅದಕ್ಕೆ ನಂಬರೇ ಹೆಸರು. ಯಾರು ಗೋಗರೆದರೂ ಒಂದೇ ಮಾತು: "ಮೊದ್ಲು ಉಳ್ದು ಬರ್ಲಿ."

ಮೊನ್ನೆ ವಿಜ್ಞಾನ ಕಲಿಸುವ ವಿಭಾ ಅಕ್ಕೋರು ಶಾಲೆಯ ಗೋಡೆಯ ಮೇಲೆ ಮೂಲವಸ್ತುಗಳ ಪಟ್ಟಿ ಬರೆಯಲು ಅವನನ್ನು ಕರೆಸಿದ್ದರು. ಕೊನೆಯ ಸಾಲಿನಲ್ಲಿ 'ಟೆನೆಸೀನ್' ಎಂದು ಬರೆಯುತ್ತ ಕುಪ್ಪ ಕೇಳಿದ, "ಇದು ಎಲ್ಲಿ ಸಿಗ್ತದೆ ಅಕ್ಕೋರೆ?"

"ಎಲ್ಲೂ ಸಿಗೂದಿಲ್ಲ ಕುಪ್ಪಣ್ಣ. ವಿಜ್ಞಾನಿಗಳು ತಾವೇ ಮಾಡಿದ್ದು. ಮೊದ್ಲು ಇದಕ್ಕೂ ನಂಬರಿನ ಹೆಸರೇ ಇತ್ತು. ಹುಟ್ಟಿದ್ದು ಖರೆ ಅಂತ ಬೇರೆಯವ್ರು ಪರೀಕ್ಷೆ ಮಾಡಿ ಒಪ್ಪಿದ್ಮೇಲೆ, ಮಾಡಿದವ್ರು ತಮ್ಮ ಸೀಮೆ ಹೆಸರಿಟ್ರು."

"ಎಷ್ಟು ದಿನ ಇರ್ತದೆ?"

"ದಿನವಾ? ಕಣ್ಣು ಮಿಟುಕಿಸೂದ್ರೊಳಗೆ ಹೋಗ್ತದೆ."

ಬ್ರಶ್ ಗೋಡೆಯ ಮೇಲೆಯೇ ನಿಂತಿತು. "ಉಳೀದೇ ಇದ್ರೂ ಹೆಸರಿಟ್ರಾ?"

"ಹುಟ್ಟಿತ್ತಲ್ಲ, ಸಾಕು."

ಕುಪ್ಪ ಏಣಿಯಿಂದಿಳಿದು ದೂರ ನಿಂತು, ಗರ್ಭಗುಡಿಯ ಎದುರು ನಿಂತವನಂತೆ ಆ ಅಕ್ಷರಗಳನ್ನು ನೋಡಿದ. ಇಷ್ಟು ಸಣ್ಣ ಬಾಳಿಗೂ ಲೋಕ ಇಷ್ಟು ಮರ್ಯಾದೆ ಕೊಡುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಸಂಜೆ ಹೆಂಡತಿ ಬೇಬಿ ಹಿತ್ತಿಲಲ್ಲಿ ಬಂಗಡೆ ಮೀನು ಕೊಯ್ಯುತ್ತಿದ್ದಳು. ಅವರ ಮೊದಲ ಮಗಳು ಹುಟ್ಟಿದ ದಿನವೇ ತೀರಿಕೊಂಡಿದ್ದಳು. ನಾಮಕರಣದ ಹನ್ನೆರಡನೇ ದಿನ ಬರಲೇ ಇಲ್ಲವಾದ್ದರಿಂದ ಹೆಸರೂ ಇರಲಿಲ್ಲ. ಕುಪ್ಪ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಬೇಬಿ, ನಮ್ಮ ಮೊದಲ್ನೇ ಕೂಸಿಗೆ ಎಂತ ಹೆಸರಿಡೂದಿತ್ತು?"

ಬೇಬಿ ಕತ್ತಿಯಿಂದ ಕಣ್ಣೆತ್ತಲಿಲ್ಲ, ಯೋಚಿಸಲೂ ಇಲ್ಲ.

"ಇಡೂದೆಂತ? ನಾನು ಅವತ್ತೇ ಇಟ್ಟಾಗಿತ್ತು," ಎಂದಳು. "ಸುಮನಾ."