ದೊರೆ ಕುಡಿದ ಮಜ್ಜಿಗೆ

ಸುಟ್ಟ ಮಜ್ಜಿಗೆಗೆ ಒಂದು ವಾಸನೆಯಿದೆ. ಹಾಲು ಉಕ್ಕಿ ಒಲೆಗೆ ಚೆಲ್ಲಿದಾಗ ಬರುವ ವಾಸನೆಯಲ್ಲ ಅದು. ಅದಕ್ಕಿಂತ ಹುಳಿ, ಅದಕ್ಕಿಂತ ಒರಟು, ಜೊತೆಗೆ ಶುಂಠಿ, ಇಂಗು, ಕರಿಬೇವು ಬೇರೆ. ನಿಮ್ಮ ಮನೆಯಲ್ಲಿ ಮಜ್ಜಿಗೆಹುಳಿ ತಳ ಹಿಡಿದ ದಿನ ನಿಮಗೂ ಆ ವಾಸನೆ ಬಡಿದಿರುತ್ತದೆ, ಕಿಟಕಿ ತೆಗೆದು ಮರೆತಿರುತ್ತೀರಿ. ನನ್ನ ಮೂಗಿಗೆ ಅದು ತಾಗಿದರೆ ಸಾಕು, ಹತ್ತು ವರ್ಷದ ಹುಡುಗಿಯಾಗಿ ಬಿಸಿಲೆ ದಾರಿಯ ಏರಿನಲ್ಲಿ ನಾಲಿಗೆ ಒಣಗಿಸಿಕೊಂಡು ನಿಂತುಬಿಡುತ್ತಿದ್ದೆ. ನಲವತ್ತು ವರ್ಷ ಹೀಗೇ ನಡೆಯಿತು. ಮಜ್ಜಿಗೆಹುಳಿ ಕುದಿಯುವಾಗ ನಾನು ಒಲೆ ಬಿಟ್ಟು ಕದಲುವುದಿಲ್ಲವೆಂದು ಮನೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಕಾರಣ ಯಾರಿಗೂ ಹೇಳಿರಲಿಲ್ಲ.

ಬೆಳಗೋಡಿನ ಹತ್ತಿರದ ತೋಟದ ಮನೆ ನಮ್ಮದು. ಈಗ ತೋಟವೂ ನಮ್ಮದಲ್ಲ, ಮನೆಯೂ ಇಲ್ಲ. ಪಾಲಾದ ಮೇಲೆ ಹೆಂಚು ಇಳಿಸಿ, ಆ ಜಾಗದಲ್ಲಿ ಯಾರೋ ಹೋಂಸ್ಟೇ ಕಟ್ಟಿದ್ದಾರೆ. ಆಗ ಅಲ್ಲಿ ಹದಿನಾಲ್ಕು ಜನ ಒಟ್ಟಿಗೆ ಉಣ್ಣುತ್ತಿದ್ದೆವು, ಕಾಫಿ ಸ್ಟೋರಿನ ಪಕ್ಕದ ಶೆಡ್ಡಿನಲ್ಲಿ ದೊರೆ ಇರುತ್ತಿದ್ದ. ದೊರೆ ಎಂದರೆ ಕಾರು. ಊರು ಬಿಟ್ಟು ಹೊರಟ ಇಂಗ್ಲಿಷ್ ದೊರೆಯೊಬ್ಬನಿಂದ ನಮ್ಮ ತಾತ ಕೊಂಡಿದ್ದ ಕರಿ ಬಣ್ಣದ ಕಾರು. ಮಾಲೀಕ ಹೋದರೂ ಹೆಸರು ಕಾರಿಗೆ ಅಂಟಿಕೊಂಡು ಉಳಿದಿತ್ತು. ಶೆಡ್ಡಿನ ಬಾಗಿಲು ತೆಗೆದರೆ ಪೆಟ್ರೋಲು, ಹಳೇ ಚರ್ಮದ ಸೀಟು, ಪಕ್ಕದಿಂದ ಒಣಗಿದ ಕಾಫಿ, ಮೂರೂ ಬೆರೆತ ಗಾಳಿ ಮುಖಕ್ಕೆ ಬರುತ್ತಿತ್ತು. ತಾತನ ನಂತರ ಕಾರು ಓಡಿಸುತ್ತಿದ್ದವರು ದೊಡ್ಡಪ್ಪ. ಬೆಳಿಗ್ಗೆ ಅವರು ಮುಂದುಗಡೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸುವಾಗ ಅಡುಗೆಮನೆಯಿಂದ ದೊಡ್ಡಮ್ಮ, "ದೊರೆ ಎದ್ದವ್ನಾ, ಇಲ್ಲ ಇನ್ನೂ ಮಗ್ಗಲು ಬದಲಾಯಿಸ್ತಾ ಅವ್ನಾ?" ಎಂದು ಕೇಳುತ್ತಿದ್ದರು. ಗಂಡನಿಗೆ ಕಾಫಿ ಲೋಟ ಕೊಡುವ ಮುಂಚೆ ಕಾರಿಗೆ ನೀರು ಸಿಕ್ಕಿತೇ ಎಂದು ವಿಚಾರಿಸುವ ಹೆಂಗಸು ಅವರು.

ತಿಂಗಳ ಮೊದಲ ಭಾನುವಾರ ಹಳೇ ಕಾರಿನ ಕೂಟ. ಸಕಲೇಶಪುರ, ಆಲೂರು ಕಡೆಯ ಏಳೆಂಟು ಮನೆಗಳಲ್ಲಿ ಇಂಥ ಮುದಿ ಕಾರುಗಳಿದ್ದವು. ಹೆಂಗಸರು ಮಕ್ಕಳ ಸಮೇತ ಎಲ್ಲರೂ ಸಾಲಾಗಿ ಹೊರಟು, ಹೊಳೆ ದಂಡೆಯಲ್ಲೋ ಯಾರದಾದರೂ ತೋಟದಲ್ಲೋ ಉಂಡು, ಗಂಡಸರು ಒಂದಷ್ಟು ಹೊತ್ತು ಬಾನೆಟ್ ಎತ್ತಿ ತಲೆ ಒಳಗೆ ಹಾಕಿ ನಿಂತು, ಸಂಜೆಗೆ ಮನೆ ಸೇರುವುದು. ಕೂಟಕ್ಕೆ ಎರಡೇ ಕಟ್ಟಳೆ. ಒಂದು ಕಾರು ನಿಂತರೆ ಎಲ್ಲವೂ ನಿಲ್ಲಬೇಕು. ಕೊನೆಯ ಕಾರು ಬರುವ ತನಕ ಊಟಕ್ಕೆ ಎಲೆ ಹಾಕಬಾರದು. ಕೊನೆಯವನು ಸಾಮಾನ್ಯವಾಗಿ ನಮ್ಮ ದೊರೆಯೇ. ಹಾಗಾಗಿ ಎಲ್ಲರ ಹಸಿವಿಗೂ ನಾವೇ ಹೊಣೆ, "ಬಂದ್ರು ಬುಡ್ರಪ್ಪ, ಇನ್ನು ಅನ್ನ ಕಾಣ್ಬೋದು" ಎನ್ನುವುದೇ ನಮಗೆ ಸಿಗುತ್ತಿದ್ದ ಸ್ವಾಗತ. ದೊಡ್ಡಮ್ಮ ಅದಕ್ಕೆಲ್ಲ ಬಗ್ಗುವವರಲ್ಲ. ಕಾರಿನಿಂದ ಇಳಿಯುತ್ತಲೇ ಮಜ್ಜಿಗೆ ಹಂಚಿ ಬಾಯಿ ಮುಚ್ಚಿಸುತ್ತಿದ್ದರು.

ಮುಂದಿನ ಸೀಟು ನನ್ನದು. ನನಗಿಂತ ದೊಡ್ಡ ಹುಡುಗರು ಮನೆಯಲ್ಲಿದ್ದರೂ ಕೊನೆಯ ಒಂದು ವರ್ಷ ದೊಡ್ಡಪ್ಪ ಆ ಜಾಗವನ್ನು ನನಗೇ ಮೀಸಲಿಟ್ಟಿದ್ದರು, ಯಾಕೆಂದರೆ ನಮ್ಮಿಬ್ಬರಿಗೆ ಒಂದು ಆಟವಿತ್ತು. "ಮುಂದೆ ಏನೈತೆ ಹೇಳು ಮಗ, ನೋಡಣ," ಎಂದು ಅವರು ಶುರು ಮಾಡುತ್ತಿದ್ದರು. ನಾನು ಸೀಟಿನ ತುದಿಗೆ ಜರುಗಿ, ಎರಡೂ ಕೈ ಮುಂದಕ್ಕೆ ಊರಿ, ಗಾಜಿಗೆ ಮೂಗು ತಾಗುವಷ್ಟು ಬಗ್ಗಿ, ಬಲಕ್ಕೆ ತಿರುವು, ಎತ್ತಿನ ಗಾಡಿ, ಎರಡು ಎಮ್ಮೆ, ಎದುರಿಗೆ ಬಸ್ಸು ಎಂದು ಬಿಡದೆ ಹೇಳುತ್ತ ಹೋಗುತ್ತಿದ್ದೆ. ಒಂದೊಂದಕ್ಕೂ ಅವರು "ಸೈ" ಎನ್ನುತ್ತಿದ್ದರು. ಹಿಂದಿನ ಸೀಟಿನ ಅಣ್ಣಂದಿರು ನನ್ನನ್ನು ರೇಡಿಯೋ ಎಂದು ಗೇಲಿ ಮಾಡಿದರೂ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ "ಸೈ" ಕೇಳುವುದಕ್ಕೆ ನಾನು ಶನಿವಾರದಿಂದಲೇ ಕಾಯುತ್ತಿದ್ದೆ.

ನನಗೆ ಇನ್ನೊಂದು ಕೆಲಸವೂ ಇತ್ತು. ಏರು ಹತ್ತುವಾಗ ದೊರೆಗೆ ದಾಹವಾಗುತ್ತಿತ್ತು. ರೇಡಿಯೇಟರಿನಿಂದ ಹಬೆ ಎದ್ದ ಕೂಡಲೇ ಡಿಕ್ಕಿಯಿಂದ ನೀರಿನ ಕ್ಯಾನು ತಂದುಕೊಡಬೇಕು. ಡಿಕ್ಕಿಯಲ್ಲಿ ಅಲ್ಯೂಮಿನಿಯಂ ಕ್ಯಾನುಗಳು ಎರಡು, ಅಕ್ಕತಂಗಿಯರ ಹಾಗೆ ಒಂದೇ ಥರ. ಒಂದರಲ್ಲಿ ದೊರೆಯ ನೀರು, ಇನ್ನೊಂದರಲ್ಲಿ ದೊಡ್ಡಮ್ಮನ ಮಜ್ಜಿಗೆ. ನೀರಿನ ಕ್ಯಾನಿನ ಹಿಡಿಗೆ ಗುರುತಿಗೆಂದು ಬಾಳೆನಾರು ಕಟ್ಟಿರುತ್ತಿತ್ತು. ಅವತ್ತು ಬಿಸಿಲೆ ಘಾಟಿಗೆ ಹೋಗುವ ದಾರಿಯಲ್ಲಿ ನಾರು ಕಳಚಿ ಬಿದ್ದಿತ್ತೋ, ಗಡಿಬಿಡಿಯಲ್ಲಿ ನಾನೇ ನೋಡಲಿಲ್ಲವೋ, ಈಗಲೂ ಹೇಳಲಾರೆ. ದೊಡ್ಡಪ್ಪ ಗೋಣಿತಾಟು ಮಡಿಚಿ ಮುಚ್ಚಳ ತಿರುಗಿಸಿ, ಹಬೆ ಇಳಿಯುವ ತನಕ ಕಾದು, ಕೈ ಚಾಚಿದರು. ನಾನು ಕ್ಯಾನು ಕೊಟ್ಟೆ. ಅವರು ಬಗ್ಗಿಸಿದರು. ಬಿದ್ದದ್ದು ಬಿಳಿಯ ಧಾರೆ. ಅದನ್ನು ನಾನು ನೋಡಿದೆ. ನಿಲ್ಲಿಸಿ ಎನ್ನಬೇಕೆಂದು ಬಾಯಿ ತೆರೆದೆ, ದನಿ ಬರಲಿಲ್ಲ. ದೊಡ್ಡಪ್ಪ ನೆಟ್ಟಗೆ ಆ ಧಾರೆಯನ್ನೇ ನೋಡುತ್ತ ಅರ್ಧ ಕ್ಯಾನು ಸುರಿದರು. ಆಮೇಲೆ ಆ ವಾಸನೆ ಎದ್ದಿತು.

ಕಟ್ಟಳೆಯ ಪ್ರಕಾರ ಮುಂದೆ ಹೋಗಿದ್ದ ಕಾರುಗಳೆಲ್ಲ ವಾಪಸು ಬಂದವು. ನಗುವುದಕ್ಕೆ ಅವರಿಗೆ ಅಂಥ ದಿನ ಮತ್ತೆ ಸಿಗುವುದಿಲ್ಲ. "ದೊರೆಗೆ ಸೆಖೆ ಆಗಿತ್ತು ಬುಡಿ, ತಂಪಾಗ್ಲಿ ಅಂತ ಕುಡ್ದವ್ನೆ," ಎಂದರು ಒಬ್ಬರು. ದೊಡ್ಡಮ್ಮ ನನ್ನ ಕಡೆ ತಿರುಗುವಷ್ಟರಲ್ಲಿ ದೊಡ್ಡಪ್ಪ, "ಮಗೀನ ಏನೂ ಅನ್ಬ್ಯಾಡ, ತಪ್ಪು ನಂದೇ," ಎಂದುಬಿಟ್ಟರು. ಅವರು ನಗಲಿಲ್ಲ. ಕ್ಯಾನನ್ನು ನೆಲಕ್ಕಿಟ್ಟು ತಮ್ಮ ಅಂಗೈಯನ್ನೇ ಮುಖದ ಹತ್ತಿರ ಹಿಡಿದು ನೋಡಿಕೊಳ್ಳುತ್ತಿದ್ದರು, ಮಜ್ಜಿಗೆ ಸಿಡಿದಿರಬೇಕೆಂದುಕೊಂಡೆ. ರಸ್ತೆ ಬದಿಯಲ್ಲೇ ಎಲೆ ಹಾಕಿ ಎಲ್ಲರೂ ಉಂಡೆವು, ಮಜ್ಜಿಗೆ ಸಾಲದ ಊಟ. ಜೀಪಿಗೆ ಹಗ್ಗ ಕಟ್ಟಿ ದೊರೆಯನ್ನು ಸಕಲೇಶಪುರಕ್ಕೆ, ಮೆಕ್ಯಾನಿಕ್ ಶಿವಣ್ಣನ ಗ್ಯಾರೇಜಿಗೆ ಎಳೆದುಕೊಂಡು ಹೋದರು.

ಅಲ್ಲಿಂದ ದೊರೆ ಮನೆಗೆ ಬರಲೇ ಇಲ್ಲ. ಮುಂದಿನ ತಿಂಗಳ ಕೂಟಕ್ಕೆ ಮೊದಲೇ ದೊಡ್ಡಪ್ಪ ಮಾರಿಬಿಟ್ಟಿದ್ದರು. ಕೇಳಿದವರಿಗೆ "ಸಾಕು ಬುಡಿ" ಎನ್ನುವುದಷ್ಟೇ ಉತ್ತರ. ಶೆಡ್ಡಿನಲ್ಲಿ ಸೌದೆ ತುಂಬಿದರು. ಮೊದಲ ಭಾನುವಾರಗಳಂದು ದೊಡ್ಡಮ್ಮ ಅಭ್ಯಾಸಬಲದಿಂದ ಒಂದು ಕ್ಯಾನು ಮಜ್ಜಿಗೆ ಮಾಡಿ, ಆಮೇಲೆ ಅದನ್ನು ಆಳುಗಳ ಲೈನು ಮನೆಗಳಿಗೆ ಕೊಟ್ಟು ಕಳಿಸುತ್ತಿದ್ದರು. ನನ್ನ ಲೆಕ್ಕ ಸರಳವಾಗಿತ್ತು: ನಾನು ಕಾರು ಕೆಡಿಸಿದೆ, ದೊಡ್ಡಪ್ಪ ನನಗಾಗಿ ಸುಳ್ಳು ಹೇಳಿ ತಪ್ಪು ಹೊತ್ತುಕೊಂಡರು, ಆ ಮನೆಯ ಸಂತೋಷ ನನ್ನಿಂದ ಮುಗಿಯಿತು. ದೊಡ್ಡಪ್ಪನ ಪ್ರೀತಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ, ಅದರಿಂದ ಇನ್ನಷ್ಟು ಕುಗ್ಗಿದೆ. ನಾನು ಕಾಲೇಜಿನಲ್ಲಿದ್ದಾಗ ಅವರು ತೀರಿಕೊಂಡರು. ಕೊನೆಗೆ ಕಣ್ಣು ಪೂರ್ತಿ ಮಂಜಾಗಿತ್ತು, ವಯಸ್ಸಿಗೆ ಬಂದದ್ದು ಎಂದುಕೊಂಡೆವು. ಧಾರೆ ಬಿಳಿಯಾಗಿದ್ದು ನನಗೆ ಕಂಡಿತ್ತು ಎಂಬ ಒಂದು ಮಾತು ಅವರ ಮಂಚದ ಪಕ್ಕ ಕೂತಾಗಲೂ ಹೇಳಲಾಗಲಿಲ್ಲ.

ಹೋದ ತಿಂಗಳು ಪ್ರೀತಿ ಫೋನು ಮಾಡಿದಳು. ಕುಂದೂರಿನವಳು, ಆಲೂರಿನಲ್ಲಿ ನನ್ನ ಕೈಯಲ್ಲಿ ಓದಿದ ಹುಡುಗಿ. ಈಗ ಅಪ್ಪನ ತೋಟ ನೋಡಿಕೊಳ್ಳುತ್ತಾಳೆ. ಹಳೇ ಕಾರಿನ ಕೂಟವನ್ನು ಈ ಕಡೆಯ ಹುಡುಗರು ಮತ್ತೆ ಶುರು ಮಾಡಿದ್ದಾರೆಂದೂ, ತಾನು ಹಾಸನದಲ್ಲಿ ಒಂದು ಕರಿ ಕಾರು ಕೊಂಡು ರಿಪೇರಿ ಮಾಡಿಸಿರುವುದಾಗಿಯೂ ಹೇಳಿ, "ಅದು ನಿಮ್ಮನೆ ಕಾರಂತೆ ಮಿಸ್, ಭಾನುವಾರ ಬಿಸಿಲೆಗೆ ಹೋಗ್ತಾ ಇದೀವಿ, ಬನ್ನಿ," ಎಂದಳು. ಎರಡು ದಿನ ನೆಪ ಹುಡುಕಿದೆ. ಕೊನೆಗೆ ಹೋದೆ. ಬೆಳಗೋಡಿನಲ್ಲಿ ಎಲ್ಲರೂ ತಿಂಡಿಗೆ ನಿಂತಿದ್ದರು. ದೊರೆ ಹೊಸ ಬಣ್ಣ ಹೊಡೆಸಿಕೊಂಡು ಮದುವೆ ಗಂಡಿನ ಹಾಗೆ ಮಿಂಚುತ್ತಿದ್ದ. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಅಕ್ಕಿರೊಟ್ಟಿ ತಟ್ಟೆ ಇಟ್ಟುಕೊಂಡು ಶಿವಣ್ಣ ಕೂತಿದ್ದ. ಎಂಬತ್ತರ ಹತ್ತಿರದ ಮುದುಕ. ಪ್ರೀತಿಯ ಹುಡುಗರಿಗೆ ರಿಪೇರಿ ಹೇಳಿಕೊಟ್ಟವನು ಅವನೇ. ನಾನು ಯಾರೆಂದು ಹೇಳಿದಾಗ ಹಲ್ಲಿಲ್ಲದ ಬಾಯಿ ತೆರೆದು ನಕ್ಕ.

"ಮಜ್ಜಿಗೆ ಮಗಳು," ಎಂದ.

ನನಗೆ ತಡೆಯಲಾಗಲಿಲ್ಲ. "ಕಾರು ಕೆಡಿಸಿದ್ದು ನಾನೇ ಶಿವಣ್ಣ. ಅದಕ್ಕೇ ಮಾರಿದ್ರು," ಎಂದೆ.

"ಯಾರವ್ವ ಅಂದಿದ್ದು? ಸೋಡಾ ಹಾಕಿ ಎರಡು ಸತಿ ಕುದ್ಸಿ ಚೆಲ್ದೆ, ಹೊಸದ್ರಂಗೆ ಆಯ್ತು. ಇವತ್ತೂ ಅದೇ ರೇಡಿಯೇಟರ್ ಐತೆ, ನೋಡೋಗು."

"ಮತ್ತೆ ಮಾರಿದ್ದು ಯಾಕೆ?"

ಅವನು ತಟ್ಟೆ ಕೆಳಗಿಟ್ಟ. "ಕಾರು ತಗಂಡೋಗಾಕೆ ಬಂದೋರು ಗ್ಯಾರೇಜಿನ ಕಲ್ಲ ಮ್ಯಾಲೆ ಕೂತ್ಬುಟ್ರು ನಿಮ್ ದೊಡ್ಡಪ್ಪಾರು. ‘ಮಜ್ಜಿಗೆ ಬೆಳ್ಳಗಿರ್ತೈತೆ ಕಣೋ ಶಿವಣ್ಣ, ನಂಗೆ ಕಾಣ್ನಿಲ್ಲ,’ ಅಂದ್ರು. ವರ್ಷದಿಂದ ಕಣ್ಣು ಮಂಜಾಗಿತ್ತಂತೆ. ಮಗೀನ ಕೈಲಿ ದಾರಿ ಹೇಳಿಸ್ಕಂಡು ಓಡಿಸ್ತಾ ಇದ್ರಂತೆ. ‘ಅವತ್ತು ಆ ಮಗ ಆ ಕ್ಯಾನು ಕೊಡ್ದೇ ಹೋಗಿದ್ರೆ, ಮನೆ ಮಕ್ಳನ್ನೆಲ್ಲ ಕೂರಿಸ್ಕಂಡು ಘಾಟಿ ಇಳಿಸ್ಬುಡ್ತಿದ್ದೆ. ದೇವ್ರೇ ಅವಳ ಕೈಲಿ ಕೊಡ್ಸಿದ್ದು,’ ಅಂತ ಅತ್ಬುಟ್ರು ಕಣವ್ವ. ಯಾರ್ಗೂ ಹೇಳ್ಬ್ಯಾಡ ಅಂದಿದ್ರು. ಹೇಳ್ನಿಲ್ಲ. ಇನ್ಯಾರು ಕೇಳಾಕವ್ರೆ ಈಗ."

ಎದೆಯ ಮೇಲಿಂದ ಒಂದು ಮೂಟೆ ಇಳಿಸಿದ ಹಾಗಾಯಿತು. ಅಷ್ಟು ಜನರ ನಡುವೆ ಅತ್ತೆ, ನಾಚಿಕೆಯೂ ಆಗಲಿಲ್ಲ. ದೊಡ್ಡಪ್ಪ ನನಗಾಗಿ ಸುಳ್ಳು ಹೇಳಿರಲಿಲ್ಲ. "ತಪ್ಪು ನಂದೇ" ಎಂದು ಹೇಳಿದ್ದು ನಿಜವನ್ನೇ. ಒಂದೇ ಮನೆಯಲ್ಲಿ, ಒಂದೇ ಜಗಲಿಯಲ್ಲಿ ಪಕ್ಕಪಕ್ಕ ಕೂತು, ಕಂಡದ್ದನ್ನು ನಾನು ಹೇಳಲಿಲ್ಲ, ಕಾಣದ್ದನ್ನು ಅವರು ಹೇಳಲಿಲ್ಲ. ಯಾರಾದರೊಬ್ಬರು ಬಾಯಿ ಬಿಟ್ಟಿದ್ದರೆ ಇಬ್ಬರೂ ನಕ್ಕು ಹಗುರಾಗುತ್ತಿದ್ದೆವು. ಈಗ ಆ ಜಗಲಿಯೂ ಇಲ್ಲ, ದೊಡ್ಡಮ್ಮನೂ ಇಲ್ಲ, ಈ ಸುದ್ದಿಯನ್ನು ಓಡಿಹೋಗಿ ಹೇಳಲು ಆ ಹದಿನಾಲ್ಕು ಜನರಲ್ಲಿ ಉಳಿದವರೂ ಒಂದೊಂದು ಊರಿನಲ್ಲಿದ್ದಾರೆ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಪ್ರೀತಿ ಮುಂದಿನ ಸೀಟಿನ ಬಾಗಿಲು ತೆಗೆದಳು. ಉಳಿದ ಕಾರುಗಳು ಆಗಲೇ ಹೊರಟಿದ್ದವು. ಎಲೆ ಹಾಕದೆ ನಮಗಾಗಿ ಕಾಯುತ್ತಾರೆ, ಕಟ್ಟಳೆ ಈಗಲೂ ಅದೇ ಎಂದಳು. ಚರ್ಮದ ಸೀಟು ಬದಲಾಗಿತ್ತು, ಪೆಟ್ರೋಲಿನ ವಾಸನೆ ಬದಲಾಗಿರಲಿಲ್ಲ. ಬಿಸಿಲೆ ದಾರಿಯ ಏರು ಬಂತು. ನನಗೇ ತಿಳಿಯದೆ ಸೀಟಿನ ತುದಿಗೆ ಜರುಗಿ ಎರಡೂ ಕೈ ಮುಂದಕ್ಕೆ ಊರಿದ್ದೆ. "ಮುಂದೆ ಬಲಕ್ಕೆ ತಿರುವು ಐತೆ," ಎಂದೆ.

"ಕಾಣ್ತಾ ಐತೆ ಮಿಸ್," ಎಂದಳು ಪ್ರೀತಿ. "ನೀವು ಆರಾಮಾಗಿ ಕೂತ್ಕೊಳಿ."

ಆ ಸೀಟಿನಲ್ಲಿ ನಾನು ಒಂದು ದಿನವೂ ಬೆನ್ನು ಕೊಟ್ಟು ಕೂತವಳಲ್ಲ. ಅವತ್ತು ಒರಗಿ ಕೂತೆ.